ಮೆಂತಿ ಹೊಲಿಗೆಯ ಲೆಕ್ಕ

ಒಂದು ವಾರದಲ್ಲಿ ಮುಗಿಯುವ ಕಸೂತಿಯನ್ನು ಆರಿಸಲು ಹೆಚ್ಚಿನ ಯೋಚನೆ ಬೇಕಾಗಿಲ್ಲ. ಕರವಸ್ತ್ರದ ಮೂಲೆಗೊಂದು ಹೂವು, ದಿಂಬಿನ ಚೀಲಕ್ಕೊಂದು ಗಿಳಿ. ಚೆನ್ನಾಗಿ ಬಂದರೆ ಸಂತೋಷ, ಬಾರದಿದ್ದರೆ ದಿಂಬನ್ನು ಮಗುಚಿ ಹಾಕಿದರಾಯಿತು. ಆದರೆ ಎರಡು ವರ್ಷ, ಮೂರು ವರ್ಷ ಸೂಜಿ ಹಿಡಿದು ಕೂಡಬೇಕಾದ ಕೆಲಸವನ್ನು ಆರಿಸುವುದೆಂದರೆ ಮನೆಗೆ ಬಾಡಿಗೆದಾರರನ್ನು ಆರಿಸಿದಂತೆ. ಮೊದಲ ದಿನದ ಮುಖ ನೋಡಿ ಒಪ್ಪಿದರೆ ಸಾಲದು. ಬೇಸಿಗೆಯ ಬೆವರಿನಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿ, ನೆಂಟರ ಗಲಾಟೆಯಲ್ಲಿ ಅದೇ ಮುಖವನ್ನು ಸಹಿಸಲಾದೀತೇ ಎಂದು ಮೊದಲೇ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಳ್ಳದವರ ಪೆಟ್ಟಿಗೆಗಳಲ್ಲಿ ಅರ್ಧ ನವಿಲು, ಮುಕ್ಕಾಲು ತಾಜಮಹಲು, ಕಣ್ಣಿಲ್ಲದ ಕೃಷ್ಣ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿರುವುದು ಎಷ್ಟೋ ಮನೆಗಳ ಕಥೆ.

ಮಸ್ಕಿಯ ಒಬ್ಬ ಶಾಲಾ ಶಿಕ್ಷಕಿಗೆ ಈ ಪ್ರಶ್ನೆ ಎದುರಾದದ್ದು ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ. ಆಕೆಯ ತವರು ಲಿಂಗಸುಗೂರು. ಎಪ್ಪತ್ತೊಂಬತ್ತು ವಯಸ್ಸಿನ ತಾಯಿ ಅಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾಳೆ. ಶಿಕ್ಷಕಿಯ ಮಗಳು ಸಿಂಧನೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ಮೂರೂ ಊರುಗಳು ಒಂದೇ ದಾರಿಯ ಮೇಲಿದ್ದು, ನಡುವೆ ಮಸ್ಕಿ ಇರುವುದರಿಂದ ಈ ಮೂವರ ಸಂಸಾರ ಅರ್ಧ ಬಸ್ಸಿನಲ್ಲಿಯೇ ನಡೆಯುತ್ತದೆ ಎಂದರೂ ಸಲ್ಲುತ್ತದೆ. ತುಂಗಭದ್ರೆಯ ಕಾಲುವೆಯ ನೀರುಂಡ ಸಿಂಧನೂರಿನ ಅಕ್ಕಿ ಲಿಂಗಸುಗೂರಿಗೆ ಹೋಗುತ್ತದೆ. ಲಿಂಗಸುಗೂರಿನ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಸಿಂಧನೂರಿಗೆ ಬರುತ್ತದೆ. ನಡುವಿನ ಮಸ್ಕಿಯಲ್ಲಿ ಎರಡೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತವೆ.

ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದಿದ ಕೈಗೆ ಇನ್ನು ಮುಂದೆ ಯಾವುದಾದರೂ ದೊಡ್ಡ ಕೆಲಸ ಬೇಕೆಂದು ಶಿಕ್ಷಕಿಗೆ ಅನಿಸಿದ್ದು ಸಹಜವೇ. ಆಕೆಗೆ ಬಾಲ್ಯದಿಂದಲೂ ಅಡ್ಡಹೊಲಿಗೆ ಗೊತ್ತು. ಈಗ ಎಲ್ಲರೂ ಕ್ರಾಸ್ ಸ್ಟಿಚ್ ಎಂದೇ ಕರೆಯುವ, ಒಂದು ಓರೆಗೆರೆಯ ಮೇಲೆ ಇನ್ನೊಂದು ಓರೆಗೆರೆ ಬೀಳುವ ಸರಳ ಹೊಲಿಗೆ. ಇದನ್ನು ಕೇಳಿದ ಮಗಳು ತಡಮಾಡಲಿಲ್ಲ. ಯಾವುದೇ ಚಿತ್ರವನ್ನು ಚೌಕಗಳಾಗಿ ಒಡೆದು, ಪ್ರತಿಯೊಂದು ಚೌಕಕ್ಕೂ ದಾರದ ನಂಬರನ್ನು ಬರೆದುಕೊಡುವ ವಿದ್ಯೆ ಈಗ ಕಂಪ್ಯೂಟರಿಗೆ ಬಂದಿದೆ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು, ಅಂದರೆ 2017ರಲ್ಲಿ ಬಂದ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ದೇಶವೆಲ್ಲ ಕಾಣುವ ಅದೇ ತೇರನ್ನು, ಆಕೆ ಹಾಗೆ ಚೌಕಗಳಾಗಿ ಮಾಡಿಸಿ, ಮ್ಯಾಟಿ ಬಟ್ಟೆ, ಆಂಕರ್ ದಾರದ ಲಡಿಗಳು, ಮೊಂಡು ಮೂತಿಯ ಸೂಜಿಗಳು ಎಲ್ಲವನ್ನೂ ಕೂಡಿಸಿ ತಾಯಿಗೆ ತಂದುಕೊಟ್ಟಳು. ಹೊಸ ಮನೆಯ ಪಡಸಾಲೆಯ ಗೋಡೆಗೆ ಅದು ಭೂಷಣವಾಗಬೇಕೆಂಬುದು ಅವಳ ಆಸೆ.

ಗಣಿತ ಕಲಿಸುವ ಶಿಕ್ಷಕಿಯು ಸೂಜಿಗಿಂತ ಮೊದಲು ಪೆನ್ಸಿಲು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ನಕ್ಷೆಯ ಅಗಲ 224 ಚೌಕ, ಎತ್ತರ 168. ಇಂಚಿಗೆ 14 ಹೊಲಿಗೆ ಬೀಳುವ ಬಟ್ಟೆಯಾದ್ದರಿಂದ ಚಿತ್ರ 16 ಇಂಚು ಅಗಲ, 12 ಇಂಚು ಎತ್ತರ. ಗೋಡೆಗೆ ಅತಿಯಾದ ಅಳತೆಯೇನೂ ಅಲ್ಲ. ಆದರೆ ಒಟ್ಟು ಹೊಲಿಗೆಗಳು 37,632. ಒಂದು ಭಾನುವಾರ ಗಡಿಯಾರ ಇಟ್ಟುಕೊಂಡು ನೋಡಿದಾಗ ತನ್ನ ಕೈಗೆ ಗಂಟೆಗೆ 90 ಹೊಲಿಗೆ ದಕ್ಕುತ್ತವೆಂದು ತಿಳಿಯಿತು. ಅಲ್ಲಿಗೆ 418 ಗಂಟೆ. ವಾರಕ್ಕೆ ಆರು ಗಂಟೆ ಬಿಡುವು ಮಾಡಿಕೊಂಡರೆ 70 ವಾರ. ಶ್ರಾವಣ, ದಸರೆ, ಪರೀಕ್ಷೆ, ಜಾತ್ರೆ, ಮದುವೆ, ಮುಂಜಿಗಳನ್ನು ಕಳೆದರೆ ಎರಡು ವರ್ಷ. ನಿವೃತ್ತಿಯ ದಿನಕ್ಕೆ ತೇರು ಸರಿಯಾಗಿ ಮನೆ ಮುಟ್ಟುತ್ತದೆ! ಲೆಕ್ಕ ಇಷ್ಟು ಚೆಂದಾಗಿ ಕೂಡಿಬಂದದ್ದೇ ಆಕೆಗೆ ಒಂದು ಶುಭಶಕುನದಂತೆ ಕಂಡಿತು.

ಲೆಕ್ಕದಲ್ಲಿ ಬಾರದ ಸಂಗತಿಗಳು ಸೂಜಿ ಹಿಡಿದ ಮೇಲೆ ಒಂದೊಂದಾಗಿ ಹೊರಬಿದ್ದವು. ದೊಡ್ಡ ನಕ್ಷೆಯನ್ನು ಆರಿಸುವವರು ಒಟ್ಟು ಹೊಲಿಗೆಗಳನ್ನು ಎಣಿಸಿದರೆ ಸಾಲದು, ಅವು ಎಲ್ಲಿ ಹೇಗೆ ಹರಡಿವೆಯೆಂದು ನೋಡಬೇಕು. ತೇರಿನ ಮೇಲಿನ ಆಕಾಶವೊಂದೇ 9,000 ನೀಲಿ ಹೊಲಿಗೆ. ನೂರು ಗಂಟೆಗಳ ಕಾಲ ಒಂದೇ ದಾರ, ಒಂದೇ ಬಣ್ಣ, ಗಿಡವಿಲ್ಲ, ಹಕ್ಕಿಯಿಲ್ಲ. ಕಲ್ಲಿನ ಭಾಗಕ್ಕೆ ಬಂದರೆ ಅದಕ್ಕೆ ವಿರುದ್ಧವಾದ ಕಾಟ. ನಲವತ್ತೆರಡು ಬಣ್ಣಗಳಲ್ಲಿ ಹತ್ತೊಂಬತ್ತು ಬೂದಿ ಬಣ್ಣಗಳೇ. ಒಂದು ಹೊಲಿಗೆ ಹಾಕಿ ದಾರ ಕತ್ತರಿಸಿ, ಇನ್ನೊಂದು ಬೂದಿಯನ್ನು ಪೋಣಿಸಿ, ಮತ್ತೆ ಎರಡು ಹೊಲಿಗೆಗೆ ಕತ್ತರಿಸಬೇಕು. ರಾತ್ರಿಯ ದೀಪದಲ್ಲಿ ಒಂದು ಬೂದಿಗೂ ಇನ್ನೊಂದು ಬೂದಿಗೂ ಭೇದವೇ ಕಾಣದು. ಕ್ಯಾಮೆರಾ ಕಂಡ ನೆರಳನ್ನೆಲ್ಲ ಯಂತ್ರವು ಬೇರೆ ಬೇರೆ ಬಣ್ಣವೆಂದು ಬರೆದುಬಿಡುತ್ತದೆ. ಯಾವ ನೆರಳನ್ನು ಬಿಟ್ಟರೂ ತೇರು ತೇರಾಗಿಯೇ ಉಳಿಯುತ್ತದೆಂಬ ವಿವೇಕ ಅದಕ್ಕಿಲ್ಲ. ಅದು ಮನುಷ್ಯನ ಕೈಯಿಂದ ನಕ್ಷೆ ಬರೆಸಿದಾಗ ಬರುವ ವಿವೇಕ.

ಚೌಕದ ಕಾಗದದ ಮೇಲೆ ನಕ್ಷೆ ಬರೆದು ಮಾರುವ ಪದ್ಧತಿ ಯುರೋಪಿನಲ್ಲಿ ಬಹಳ ಹಳೆಯದು. 19ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದ ಪ್ರಕಾಶಕರು ಅಂಥ ನಕ್ಷೆಗಳನ್ನು ಅಚ್ಚು ಹಾಕಿಸಿ, ಒಂದೊಂದು ಚೌಕಕ್ಕೂ ಕೈಯಿಂದಲೇ ಬಣ್ಣ ತುಂಬಿಸಿ ದೇಶದೇಶಗಳಿಗೆ ಕಳಿಸುತ್ತಿದ್ದರು. 1886ರಲ್ಲಿ ತೆರೇಸ್ ದ ದಿಲ್ಮೋಂ ಎಂಬಾಕೆ ಬರೆದ ಹೊಲಿಗೆಯ ವಿಶ್ವಕೋಶ ಹಲವು ಭಾಷೆಗಳಿಗೆ ಹೋಯಿತು. ನಮ್ಮ ಸೀಮೆಯಲ್ಲಿಯೂ ಶಾಲೆಗಳ ಹೊಲಿಗೆ ತರಗತಿಗಳಿಂದ, ವಾರಪತ್ರಿಕೆಗಳ ಮಹಿಳಾ ಪುಟಗಳಿಂದ ಚೌಕಗಳ ಗಿಳಿ, ಗುಲಾಬಿಗಳು ಮನೆಮನೆ ಸೇರಿದವು. ಆದರೆ ಅಡ್ಡಹೊಲಿಗೆಯನ್ನು ಕನ್ನಡ ಹೆಂಗಸರಿಗೆ ಯಾರೂ ಹಡಗಿನಲ್ಲಿ ತಂದು ಕಲಿಸಬೇಕಾಗಿರಲಿಲ್ಲ. ಉತ್ತರ ಕರ್ನಾಟಕದ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಅದೂ ಒಂದು. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಇಟ್ಟು ಒಂದು ಹೆಜ್ಜೆ ಬಿಡುತ್ತ ಮುಂದೆ ಹೋಗಿ, ಬಿಟ್ಟ ಹೆಜ್ಜೆಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳುತ್ತದೆ. ಗಂಟು ಕಾಣಕೂಡದು, ಸೀರೆಯ ಒಳಮೈ ಹೊರಮೈ ಒಂದೇ ಆಗಬೇಕು. ಮುರ್ಗಿಯೆಂದರೆ ಅದೇ ನಡೆ ಮೆಟ್ಟಿಲು ಹತ್ತಿದಂತೆ. ನೇಗಿಯು ಮಗ್ಗದಲ್ಲಿಯೇ ನೇಯ್ದದ್ದೋ ಎಂಬ ಭ್ರಮೆ ಹುಟ್ಟಿಸುವ ಓಟದ ಹೊಲಿಗೆ. ನಾಲ್ಕನೆಯದೇ ಮೆಂತಿ, ಮೆಂತ್ಯದ ಕಾಳು ಚೆಲ್ಲಿದಂತೆ ಕಾಣುವ, ತೇರು ಪಲ್ಲಕ್ಕಿಗಳ ಹೊಟ್ಟೆ ತುಂಬುವ ಅಡ್ಡಹೊಲಿಗೆ. ದಾರ ಹೆಚ್ಚು ತಿನ್ನುತ್ತದೆ, ಹಿಂಬದಿ ಮುಂಬದಿಯಂತೆ ಬರುವುದಿಲ್ಲ, ಆದರೆ ಅದರ ತುಂಬು ಬಣ್ಣ ಇನ್ನಾವುದಕ್ಕೂ ಇಲ್ಲ. ಇವೆಲ್ಲಕ್ಕೂ ಕಾಗದವಿಲ್ಲ, ಬಟ್ಟೆಯ ಮೇಲೆ ಗೆರೆಯಿಲ್ಲ; ಬಟ್ಟೆಯ ಎಳೆ ಎಣಿಸುವುದೇ ನಕ್ಷೆ.

ಶಿಕ್ಷಕಿ ಹಂಪಿಯ ನಕ್ಷೆಯನ್ನೂ ಎರಡು ತಿಂಗಳ ಕೆಲಸದಲ್ಲಿ ಮೂಡಿದ್ದ ಆಕಾಶದ ಚೂರನ್ನೂ ಚೀಲದಲ್ಲಿ ಹಾಕಿಕೊಂಡು ತವರಿಗೆ ಹೋದದ್ದು ಹೆಮ್ಮೆಯಿಂದಲೇ. ತಾಯಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡವಳು. ದೂರದ್ದು ನಿಚ್ಚಳವಾಗಿ ಕಾಣುತ್ತದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು. ಕನ್ನಡಕ ಏರಿಸಿ ಕಾಗದವನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡಿದಳು. ಕಸೂತಿ ಬಲ್ಲ ಹೆಂಗಸರು ಮೊದಲು ನೋಡುವುದೇ ಅದನ್ನು. ಕೆಲಸ ಅಚ್ಚುಕಟ್ಟಾಗಿದೆಯೆಂದು ಒಪ್ಪಿಕೊಂಡಳು. ಆಮೇಲೆ ಕೇಳಿದಳು:

“ನಡುವ ಕೈ ಬಿಟ್ರ ಇದು ಯಾತಕ್ಕ ಬರತೈತಿ ಯವ್ವಾ?”

ಮಗಳಿಗೆ ಉತ್ತರ ತೋಚಲಿಲ್ಲ. ನಡುವೆ ಕೈ ಬಿಡುವ ಯೋಚನೆಯಿಂದ ಯಾರೂ ಕೆಲಸ ಆರಂಭಿಸುವುದಿಲ್ಲ. ಆದರೆ ಎಪ್ಪತ್ತೊಂಬತ್ತು ವರ್ಷ ಬಾಳಿದವಳಿಗೆ, ಮದುವೆಯಾದ ಮೇಲೆ ಸೂಜಿ ಮುಟ್ಟದ ತಂಗಿಯರು, ಬಾಣಂತನದಲ್ಲಿ ನಿಂತುಹೋದ ಕುಂಚಿಗೆ, ಕಣ್ಣು ಕೈಕೊಟ್ಟ ಅತ್ತೆ ಎಲ್ಲರೂ ನೆನಪಿನಲ್ಲಿದ್ದಾರೆ. ಅವಳ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಹಳೆಯ ಚಂದ್ರಕಾಳಿ ಸೀರೆಯ ರಚನೆಯನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ. ಕರಿಯ ಇಳಕಲ್ ಸೀರೆಯ ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು. ಸೆರಗಿನಿಂದ ದೂರ ಸರಿದಂತೆಲ್ಲ ಸಣ್ಣದಾಗುವ ನವಿಲು, ಹಂಸ, ಕಮಲ, ಚಿಕ್ಕಿ. ಒಂದೊಂದೂ ತನ್ನಲ್ಲಿ ತಾನೇ ಪೂರ್ಣ. ಒಂದು ಗೋಪುರ ಮುಗಿದ ದಿನ ಸೀರೆಯನ್ನು ಮಡಿಸಿಟ್ಟರೂ ಅದು ಒಂದು ಗೋಪುರದ ಸೀರೆ. ಉಟ್ಟುಕೊಂಡು ಬನದ ಹುಣ್ಣಿಮೆಗೆ ಸಿದ್ಧಪರ್ವತದ ಅಂಬಾದೇವಿಯ ಜಾತ್ರೆಗೆ ಹೋಗಿ ಬರಬಹುದು. ಮರುವರ್ಷ ತೇರು ಸೇರಿದರೆ ಗೋಪುರ ತೇರುಗಳ ಸೀರೆ. ಗೋಡೆಯ ಚಿತ್ರವಾದರೋ 37,000 ಹೊಲಿಗೆ ಹಾಕಿದ ಮೇಲೆಯೂ ಗಾಲಿಯಿಲ್ಲದೆ ನಿಂತಿರಬಹುದು. ಬಹುಕಾಲದ ಕೆಲಸವನ್ನು ಹೀಗೆ ತುಂಡುತುಂಡಾಗಿ ಪೂರ್ಣಗೊಳ್ಳುವಂತೆ ಕಟ್ಟಿದ ನಮ್ಮ ಹಿಂದಿನ ಹೆಂಗಸರಿಗೆ ತಮ್ಮ ಸಮಯ ತಮ್ಮದಲ್ಲವೆಂಬುದು ಚೆನ್ನಾಗಿ ತಿಳಿದಿತ್ತು.

ಆಗ ಚಂದ್ರಕಾಳಿಯ ಮಾತು ಬಂತು. ತಾಯಿಯ ಮದುವೆಗೆ ಅವಳ ತಾಯಿಯೇ ಕಸೂತಿ ತೆಗೆದುಕೊಟ್ಟ ಸೀರೆ ಒಂದಿತ್ತು. ಅದು ಎಲ್ಲಿ? ಯಾವುದೋ ವರ್ಷ ಓಣಿಗೆ ಬಂದ ಪಾತ್ರೆಯವನಿಗೆ ನಾಲ್ಕು ಹಳೆಯ ಸೀರೆಗಳೊಡನೆ ಅದೂ ಹೋಗಿ, ಪ್ರತಿಯಾಗಿ ಒಂದು ಸ್ಟೀಲಿನ ಕೊಡ ಬಂದಿತ್ತು. ಕೊಡ ಇನ್ನೂ ಜಗಲಿಯ ಮೇಲಿದೆ. ಅದನ್ನು ಹೇಳುವಾಗ ಮುದುಕಿಯ ಮುಖದಲ್ಲಿ ವಿಶೇಷ ದುಃಖವೇನೂ ಕಾಣಲಿಲ್ಲ. ಸೀರೆ ಹರಿದಿತ್ತು, ಕೊಡ ಬೇಕಾಗಿತ್ತು. ಆ ಕಾಲದಲ್ಲಿ ಎಷ್ಟು ಮನೆಗಳಿಂದ ಎಷ್ಟು ಚಂದ್ರಕಾಳಿಗಳು ಹೀಗೆ ಕೊಡ, ಡಬರಿ, ಪರಾತಗಳಾದವೋ ಎಣಿಸಿದವರಿಲ್ಲ. “ತೇರು ಹೆಂಗಿತ್ತವ್ವಾ ಅದ್ರಾಗ?” ಎಂದು ಶಿಕ್ಷಕಿ ಕೇಳಿದಳು. “ಹೇಳತೀನಿ ಬರಕೋ” ಎಂದಳು ತಾಯಿ.

ಚೌಕಳಿ ನೋಟುಪುಸ್ತಕ ಬಂತು, ಪೆನ್ಸಿಲು ಬಂತು. “ಬುಡದಾಗ ಅರವತ್ತೊಂದು. ಅದರ ಮ್ಯಾಲ ಈ ಕಡಿ ಎರಡು, ಆ ಕಡಿ ಎರಡು ಬಿಡು. ಅಲ್ಲ, ಮೂರು.” ನಾಲ್ಕನೆಯ ಸಾಲಿಗೆ ಲೆಕ್ಕ ತಪ್ಪಿತು. ಮೊದಲಿನಿಂದ ಹೇಳಿದಳು, ಆರನೆಯ ಸಾಲಿಗೆ ಮತ್ತೆ ತಪ್ಪಿತು. ಮುದುಕಿ ಸಿಡುಕಿಕೊಂಡು ಕನ್ನಡಕ ತೆಗೆದಿಟ್ಟಳು. ಒಂದು ಗಂಟೆಯ ಬಳಿಕ ತಾನಾಗಿಯೇ ಕರೆದು, ಬಾಯಿಗೆ ಬಾರದು, ಸೂಜಿ ಕೊಡು ಎಂದಳು. ಆದರೆ ಇಂಚಿಗೆ ಹದಿನಾಲ್ಕರ ಮ್ಯಾಟಿಯ ಮೇಲೆ ಆ ಕಣ್ಣುಗಳಿಗೆ ತೂತು ಕಾಣಲಿಲ್ಲ. ಮರುವಾರ ಶಿಕ್ಷಕಿ ಅಂಗಡಿಯಲ್ಲಿ ದೊರೆತ ಅತ್ಯಂತ ಒರಟು ಮ್ಯಾಟಿಯನ್ನು, ಆರೂ ಎಳೆ ಕೂಡಿಸಿದ ಕೆಂಪು ದಾರವನ್ನು, ಗೋಣಿ ಹೊಲಿಯುವುದಕ್ಕಿಂತ ತುಸು ಸಣ್ಣದಾದ ಸೂಜಿಯನ್ನು ತಂದುಕೊಟ್ಟಳು. ಬೆಳಗಿನ ಬಿಸಿಲಿನಲ್ಲಿ, ಪಡಸಾಲೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ ತಾಯಿಯ ಕೈ ಅರವತ್ತೊಂದನ್ನು ಎಣಿಸದೆ ಹಾಕಿ, ಮೇಲಿನ ಸಾಲಿಗೆ ತಿರುಗಿತು. ತುಟಿಗಳು ಅಲುಗುತ್ತಿದ್ದವು; ಅಂಕಿಗಳಲ್ಲ, ಯಾವುದೋ ಹಾಡಿನ ದಾಟಿ. ಹನ್ನೊಂದು ಗಂಟೆಗೆ ಬಿಸಿಲು ಬಾಗಿಲು ಬಿಟ್ಟು ಸರಿಯಿತು, ಕೈ ನಿಂತಿತು. ಏಳು ಸಾಲು ಸರಿಯಾಗಿದ್ದವು.

ಇಲ್ಲಿಂದ ಆಯ್ಕೆಯ ಪ್ರಶ್ನೆ ತಲೆಕೆಳಗಾಯಿತು. ಅಲ್ಲಿಯವರೆಗೆ ಶಿಕ್ಷಕಿ ಕೇಳಿಕೊಂಡದ್ದು ಯಾವುದು ಚೆಂದ, ಯಾವುದು ತನ್ನ ಕೈಗೆ ಸಾಧ್ಯ, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು. ಈಗ ಕೇಳಬೇಕಾದದ್ದು ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದು. ಹಂಪಿಯ ತೇರಿನ ನಕ್ಷೆ ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದರೂ ಅದರ ಒಂದು ಚೌಕವೂ ಮಾಸುವುದಿಲ್ಲ. ಮಾಸಿದರೆ ಕಂಪ್ಯೂಟರು ಇನ್ನೊಂದನ್ನು ಕೊಡುತ್ತದೆ. ಲಿಂಗಸುಗೂರಿನ ತೇರು ಇದ್ದದ್ದು ಒಬ್ಬಳ ಬೆರಳುಗಳಲ್ಲಿ.

ಸಿಂಧನೂರಿನ ಮಗಳು ಸುಲಭವಾಗಿ ಒಪ್ಪಲಿಲ್ಲ. ಅವಳ ವಾದದಲ್ಲಿಯೂ ಸತ್ತ್ವವಿತ್ತು. ಗೋಡೆಯ ಚಿತ್ರವನ್ನು ಬಂದವರೆಲ್ಲ ನೋಡುತ್ತಾರೆ. ಚಂದ್ರಕಾಳಿಯನ್ನು ವರ್ಷಕ್ಕೊಮ್ಮೆ ಉಡುವವರೂ ಈಗ ಕಡಿಮೆ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಿಯೆಂಬ ಸರಕಾರದ ಮನ್ನಣೆ ದೊರೆತಿದೆ, ಧಾರವಾಡ ಹುಬ್ಬಳ್ಳಿಗಳಲ್ಲಿ ಕಸೂತಿ ಮಾಡಿ ಮಾರುವ ಹೆಂಗಸರಿದ್ದಾರೆ, ಬೇಕಾದರೆ ತಂದರಾಯಿತಲ್ಲ? ತಂದರಾಯಿತು, ನಿಜ. ಆ ಹೆಂಗಸರ ತೇರು ಇದಕ್ಕಿಂತ ಅಂದವಾಗಿಯೂ ಇರಬಹುದು. ಆದರೆ ಕಸೂತಿಗೆ ಪುಸ್ತಕವಿಲ್ಲದ ಕಾಲದಲ್ಲಿ ಪ್ರತಿಯೊಂದು ಮನೆತನದ ತೇರಿಗೂ ತನ್ನದೇ ಗಾಲಿ, ತನ್ನದೇ ಕಳಸವಿತ್ತು. ಅಂಗಡಿಯಲ್ಲಿ ದೊರೆಯುವುದು ತೇರು, ಈ ತೇರಲ್ಲ. ಮಗಳು ಕೊನೆಗೆ, “ಹಂಗಾರ ನನ್ನ ಗ್ವಾಡಿ ಖಾಲಿ” ಎಂದು ಮುನಿಸಿನಿಂದಲೇ ನಕ್ಕಳು. ಅವಳ ಗೋಡೆ ಈಗಲೂ ಖಾಲಿಯೇ ಇದೆ.

ಬೇರೆ ದಾರಿಗಳೂ ಇದ್ದವು. ಕೌದಿ ಹೊಲಿಯಬಹುದಿತ್ತು, ಮನೆಯಲ್ಲಿ ಆಗಲೇ ಮೂರು ಕೌದಿಗಳಿದ್ದವು. ಲಿಂಗಸುಗೂರಿನ ಸುತ್ತಲಿನ ತಾಂಡಾಗಳ ಲಂಬಾಣಿ ಹೆಂಗಸರ ಕನ್ನಡಿ ಕವಡೆಗಳ ಕೆಲಸ ಶಿಕ್ಷಕಿಗೆ ಬಹಳ ಇಷ್ಟ. ಅದು ಅವರ ಮೈಮೇಲೆ ಚೆಂದ. ಇಷ್ಟಕ್ಕೆ ಆ ಯೋಚನೆ ಮುಗಿಯಿತು.

ಇಳಕಲ್ಲು ದೂರವಲ್ಲ. ಲಿಂಗಸುಗೂರಿನಿಂದ ಮುದಗಲ್ಲಿನ ಕೋಟೆಯ ಪಕ್ಕ ಹಾದು ಹೋದರೆ ಮಗ್ಗಗಳ ಸದ್ದು ಕೇಳುತ್ತದೆ. ಸೀರೆಯನ್ನು ಅಲ್ಲಿಂದಲೇ ತಂದರು: ಹತ್ತಿಯ ಒಡಲು, ಕೆಂಪು ದಡಿ, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿ ನೇಯ್ದ ಟೋಪ ತೆನಿ ಸೆರಗು. ಬಣ್ಣ ಕಪ್ಪೇ ಆಗಬೇಕೆಂದು ತಾಯಿಯ ಹಟ. ಹತ್ತಿ ಸೀರೆಯೇ ಏಕೆಂದರೆ ಎಳೆ ಎಣಿಸಲು ಸಿಗುತ್ತವೆ. ನುಣುಪಾದ ರೇಶ್ಮೆಯ ಮೇಲೆ ಸೂಜಿ ಜಾರುತ್ತದೆ. ಆದರೆ ಕಪ್ಪಿನ ಮೇಲೆ ಎಳೆ ಎಣಿಸುವ ಕಷ್ಟವನ್ನು ಎಣಿಸಿದವರೇ ಬಲ್ಲರು. ತೊಡೆಯ ಮೇಲೆ ಬಿಳಿಯ ಪಂಚೆ ಹಾಸಿಕೊಂಡು ಅದರ ಮೇಲೆ ಸೀರೆಯನ್ನು ಹರಡಿದರೆ ಎಳೆಗಳ ಸಂದಿಯಲ್ಲಿ ಬಿಳುಪು ಇಣುಕುತ್ತದೆ; ತಾಯಿ ಹೇಳಿಕೊಟ್ಟ ಮೊದಲ ಉಪಾಯ ಇದು. ಅಷ್ಟಾದರೂ ಸಾಲದೆ ಶಿಕ್ಷಕಿ ಜಾಲರಿಯಂಥ ಕ್ಯಾನ್ವಾಸನ್ನು ಸೀರೆಗೆ ಕಚ್ಚಾ ಹೊಲಿಗೆ ಹಾಕಿ ಕೂಡಿಸಿ, ಅದರ ಚೌಕಗಳನ್ನು ಎಣಿಸಿ ಮೆಂತಿ ಹಾಕಿ, ಕೆಲಸ ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಹೊಸ ಪದ್ಧತಿಯನ್ನು ಹಿಡಿದಳು. “ಊರುಗೋಲು” ಎಂದು ತಾಯಿ ಹಾಸ್ಯ ಮಾಡಿದಳು. ಅರವತ್ತರ ಹತ್ತಿರದ ಕಣ್ಣಿಗೆ ಊರುಗೋಲು ಅವಮಾನವಲ್ಲ. ಕಣ್ಣು ಕೆಡಿಸಿಕೊಂಡು ಶುದ್ಧ ಕಸೂತಿ ಮಾಡಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ.

ಕೆಂಪು ದಾರ ಬಣ್ಣ ಬಿಡುವುದೇ ಎಂದು ಲಡಿಯ ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿಯ ಚಿಂದಿಯ ಮೇಲೆ ಒತ್ತಿ ನೋಡಿದ್ದಾಯಿತು. ಒಂದು ತೇರಿಗೆ ಬೇಕಾದ ದಾರವನ್ನು ಒಂದೇ ಸಲ ಕೊಂಡಿಟ್ಟದ್ದಾಯಿತು. ನಂಬರು ಒಂದೇ ಆದರೂ ಬೇರೆ ಬೇರೆ ಸಲ ಅದ್ದಿದ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬರುವುದುಂಟು. ಎಲ್ಲ ಮೆಂತಿಗಳ ಮೇಲಿನ ಕಾಲು ಒಂದೇ ಕಡೆಗೆ ಬಾಗಬೇಕೆಂಬ ನಿಯಮವನ್ನು ಹೊಸಬರು ಮೊದಲ ದಿನವೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಪ್ಪಿದರೆ ದೂರದಿಂದ ಬಟ್ಟೆ ಸುಕ್ಕುಗಟ್ಟಿದಂತೆ ಕಾಣುತ್ತದೆ.

ಯಾವುದನ್ನು ಮೊದಲು ಹಾಕಬೇಕು? ಶಿಕ್ಷಕಿಯು ತಾಯಿಗೆ ತಿಳಿದಿರುವ ಮಾದರಿಗಳ ಹೆಸರುಗಳನ್ನೆಲ್ಲ ಬರೆದುಕೊಂಡಳು, ಇಪ್ಪತ್ಮೂರು ಹೆಸರುಗಳಾದವು. ಒಂದೊಂದಕ್ಕೂ ಬುಡದ ಎರಡು ಸಾಲು ಮಾತ್ರ ಒರಟು ಮ್ಯಾಟಿಯ ಮೇಲೆ ಹಾಕಿಸಿದಳು. ಸಲೀಸಾಗಿ ಬಂದವನ್ನು ಪಟ್ಟಿಯ ಕೊನೆಗೆ ತಳ್ಳಿದಳು. ತೊಟ್ಟಿಲು, ತುಳಸಿಕಟ್ಟೆ, ಕಮಲಗಳು ಮುದುಕಿಯ ಕೈಯಲ್ಲಿ ನೀರು ಕುಡಿದಂತೆ, ಅವಕ್ಕೆ ಅವಸರವಿಲ್ಲ. ಕೈ ತಡೆದು ತಡೆದು ನಡೆದವು ಮೊದಲ ಸಾಲಿಗೆ ಬಂದವು: ಆನೆ ಅಂಬಾರಿ, ಪಲ್ಲಕ್ಕಿ, ತೇರು. ಚೆಲುವನ್ನಲ್ಲ, ಮರೆವನ್ನು ಅಳೆದು 23 ಮಾದರಿಗಳ ಸರದಿ ಗೊತ್ತಾದದ್ದು ಹೀಗೆ. ಮೂರು ಮಾದರಿಗಳ ಹೆಸರು ಬಾಯಿಗೆ ಬಂತು, ರೂಪ ಕೈಗೆ ಬರಲಿಲ್ಲ. ಎಷ್ಟು ಬೆಳಗುಗಳು ಸೂಜಿ ಹಿಡಿದು ಕುಳಿತರೂ ಬರಲಿಲ್ಲ. ನೋಟುಪುಸ್ತಕದಲ್ಲಿ ಆ ಮೂರು ಹೆಸರುಗಳ ಕೆಳಗೆ ಖಾಲಿ ಚೌಕಗಳ ಪುಟಗಳಿವೆ. ಶಿಕ್ಷಕಿ ಅವನ್ನು ಹರಿದು ಹಾಕಿಲ್ಲ.

ನಕ್ಷೆಗೆ ಇಳಿಸುವಾಗ ಗಣಿತದ ಕಣ್ಣಿಗೆ ಒಂದು ಸಂಗತಿ ಬಿತ್ತು. ತಾಯಿಯ ಗೋಪುರ, ತೇರು, ತುಳಸಿಕಟ್ಟೆಗಳ ಅಗಲವೆಲ್ಲ ಬೆಸಸಂಖ್ಯೆ: 61, 45, 33. ನಡುವಿನ ಒಂದು ಸಾಲಿನ ಮೇಲೆ ಕಳಸ ನಿಲ್ಲಬೇಕಾದರೆ ಎರಡೂ ಬದಿ ಸಮನಾಗಿರಬೇಕು, ಹಾಗಾದರೆ ಒಟ್ಟು ಬೆಸವಾಗಲೇಬೇಕು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಇದನ್ನು ಸೂತ್ರವೆಂದು ಕರೆಯದೆ ತಲೆಮಾರುಗಳಿಂದ ಪಾಲಿಸಿದ್ದರು. ಆ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ಸಮಮಿತಿಯ ಪಾಠ ತೇರಿನ ನಕ್ಷೆಯ ಮೇಲೆಯೇ ನಡೆಯಿತೆಂದು ಬೇರೆ ಹೇಳಬೇಕಾಗಿಲ್ಲ.

ತೇರಿನಲ್ಲಿ ಸುಮಾರು 2,300 ಮೆಂತಿ. ನಾಲ್ಕು ವಾರ ಹಿಡಿಯಬೇಕಾಗಿತ್ತು, ಏಳು ಹಿಡಿಯಿತು. ಆನೆ ಅಂಬಾರಿ ಇಡೀ ಬೇಸಿಗೆಯನ್ನು ನುಂಗಿತು. ರಾಯಚೂರು ಜಿಲ್ಲೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಳಗಿನ ಎಂಟರ ಮೇಲೆ ಬೆವರುವ ಕೈಯಲ್ಲಿ ದಾರ ಓಡುವುದಿಲ್ಲ. ಸೊಂಡಿಲು ಎತ್ತ ತಿರುಗಬೇಕೆಂಬುದರ ಮೇಲೆ ತಾಯಿ ಮಗಳಿಗೆ ಫೋನಿನಲ್ಲಿ ಮೂರು ದಿನ ವಾಗ್ವಾದವಾಯಿತು. ಎರಡು ವರ್ಷಗಳ ಕೊನೆಗೆ, ಶಿಕ್ಷಕಿ ನಿವೃತ್ತಳಾದ ತಿಂಗಳಲ್ಲಿ, ಸೀರೆಯ ಮೇಲೆ ಹನ್ನೊಂದು ಮಾದರಿಗಳು ಕುಳಿತಿದ್ದವು. ಉಳಿದ ಒಂಬತ್ತು ನೋಟುಪುಸ್ತಕದಲ್ಲಿ ಭದ್ರವಾಗಿವೆ. ಲಿಂಗಸುಗೂರಿನ ಮುದುಕಿಯ ಕಣ್ಣಿಗೆ ಈಗ ಒರಟು ಮ್ಯಾಟಿಯೂ ಕಾಣುವುದಿಲ್ಲ.

ಆ ಒರಟು ಮ್ಯಾಟಿಯ ತುಂಡುಗಳನ್ನು ಜೋಡಿಸಿ ಹೊಲಿದರೆ ಒಂದು ಮಾದರಿ ಬಟ್ಟೆಯಾಗುತ್ತದೆ. ಇಂಥ ಮಾದರಿ ಬಟ್ಟೆಗಳು ಲೋಕದ ಬೇರೆ ಕಡೆಗಳಲ್ಲಿಯೂ ಉಂಟು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1598ರ ಒಂದು ಬಟ್ಟೆಯಿದೆ. ಜೇನ್ ಬಾಸ್ಟಾಕ್ ಎಂಬಾಕೆ ಆಲಿಸ್ ಲೀ ಎಂಬ ಮಗುವಿನ ಹುಟ್ಟಿನ ನೆನಪಿಗೆ ಮಾಡಿದ್ದು. ಹೂ ಬಳ್ಳಿಗಳೊಡನೆ ತನ್ನ ಹೆಸರನ್ನೂ ಇಸವಿಯನ್ನೂ ಹೊಲಿದಿರುವುದರಿಂದ ನಾಲ್ಕು ಶತಮಾನಗಳ ಮೇಲೆಯೂ ಆಕೆ ಯಾರೆಂದು ಹೇಳಬಹುದು. ನಮ್ಮ ಕಸೂತಿಯಲ್ಲಿ ಹೆಸರು ಹಾಕುವ ಪದ್ಧತಿ ಇಲ್ಲ. ಪಾತ್ರೆಯವನ ಗಂಟಿನಲ್ಲಿ ಹೋದ ಸೀರೆಗಳು ಯಾರ ಕೈಯವೆಂದು ಹೇಳುವವರೂ ಇಲ್ಲ.

ಹೆಸರಿನ ಬೆಲೆಯನ್ನು ಮಸ್ಕಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಗುಡ್ಡದ ಬಂಡೆಯ ಮೇಲಿನ ಬ್ರಾಹ್ಮಿ ಬರಹವನ್ನು 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಬೆಳಕಿಗೆ ತಂದಾಗ, ಅದುವರೆಗೆ ತಿಳಿದಿದ್ದ ಶಾಸನಗಳಲ್ಲಿ ಬರಿಯ “ದೇವಾನಾಂಪ್ರಿಯ”ನಾಗಿದ್ದ ಅರಸನ ಸ್ವಂತ ಹೆಸರು ಮೊದಲ ಬಾರಿಗೆ ಕಲ್ಲಿನ ಮೇಲೆ ಕಂಡಿತು: ಅಶೋಕ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಮೊದಲಿನ ಗೌರವ ಮಸ್ಕಿಯದೇ. ಪ್ರತಿ ವರ್ಷ ಮಕ್ಕಳನ್ನು ಆ ಬಂಡೆಯ ಬಳಿಗೆ ಕರೆದೊಯ್ದಿದ್ದ ಶಿಕ್ಷಕಿಗೆ, ಸೀರೆಯ ಮೂಲೆಯಲ್ಲಿ ತಾಯಿಯ ಹೆಸರು ಬರಬೇಕೆಂದು ತೋರಿತು. ತಾಯಿ ಖಡಾಖಂಡಿತವಾಗಿ ಬೇಡವೆಂದಳು. ಸೀರೆಯೇನು ಪಾತ್ರೆಯೇ, ಹೆಸರು ಕೆತ್ತಿಸುವುದಕ್ಕೆ?

ಶಿಕ್ಷಕಿ ಎದುರಾಡಲಿಲ್ಲ. ದುಂಡನೆಯ ಕನ್ನಡ ಅಕ್ಷರಗಳು ಚೌಕದ ಹೊಲಿಗೆಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಬ್ರಾಹ್ಮಿಯ ಅಕ್ಷರಗಳಾದರೋ ಹೆಚ್ಚಿನವು ನೇರ ಗೆರೆಗಳು. ಕ ಅಕ್ಷರವಂತೂ ಬರಿಯ ಕೂಡುವ ಗುರುತು. ತಾಯಿಯ ಹೆಸರು ಆರಂಭವಾಗುವುದು ಅದೇ ಕ ದಿಂದ. ಸೆರಗಿನ ಕೆಳಗಿನ ಮೂಲೆಯಲ್ಲಿ, ಆನೆಯ ಕಾಲ ಬಳಿ, ಹೆಸರಿನ ಅಕ್ಷರಗಳು ಕೆಂಪು ಗವಂತಿಯಲ್ಲಿ ಮೂಡಿದವು. ಮುಂದಿನ ಭಾನುವಾರ ಸೀರೆ ಲಿಂಗಸುಗೂರಿಗೆ ಹೋಯಿತು. ಕಣ್ಣಿಗೆ ಕಾಣದಿದ್ದರೂ ಮುದುಕಿ ಬೆರಳಿನಿಂದ ಒಂದೊಂದು ಮಾದರಿಯನ್ನೂ ಸವರುತ್ತ ಬಂದಳು. ಗೋಪುರ, ತೇರು, ಪಲ್ಲಕ್ಕಿ, ಆನೆ. ಮೂಲೆಗೆ ಬಂದಾಗ ಬೆರಳು ನಿಂತಿತು.

“ಇದು ಯಾವುದು? ನಾ ಹೇಳಿಕೊಟ್ಟದ್ದಲ್ಲ ಇದು.”

“ಮಸ್ಕ್ಯಾಂದವ್ವಾ” ಎಂದಳು ಮಗಳು. “ಭಾಳ ಹಳೀ ಮಾದರಿ.”

ಮುದುಕಿ ಇನ್ನೊಮ್ಮೆ ಸವರಿ ನೋಡಿ, ಹೊಲಿಗೆ ಬಿಗಿಯಾಗಿದೆ, ದಡಿಯ ಉದ್ದಕ್ಕೂ ಹಾಕಿದರೂ ಚೆಂದ ಕಾಣುತ್ತದೆ ಎಂದಳು.